ಇಲ್ಲದ ಜ್ವರ

ಚುರುಕಿಗೆ ಬಂದ ಜ್ವರ ಅವಳ ಮೈಯಲ್ಲಿ ಹುಟ್ಟಿದ್ದಲ್ಲ. ಅಂಗಡಿಯ ಕೌಂಟರಿನಲ್ಲಿ, ನೀಲಿ ಹೂವಿನ ಬಟ್ಟೆಯೊಂದನ್ನು ಅಳೆಯುವ ಹೊತ್ತಿಗೆ, ಅತ್ತೆಯ ಬಾಯಲ್ಲಿ ಹುಟ್ಟಿತು. ಹುಟ್ಟಿದಾಗ ಅದಕ್ಕೆ ಡಿಗ್ರಿ ಕೂಡ ಇರಲಿಲ್ಲ.

ಅದು ಪರದೆ ಹೊಲಿದುಕೊಡುವ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಅಪ್ಪ ಬಟ್ಟೆ ಕತ್ತರಿಸುತ್ತಿದ್ದ, ಅಮ್ಮ ಹೊಲಿಯುತ್ತಿದ್ದಳು, ಅಪ್ಪನ ಅಕ್ಕ, ಅಂದರೆ ಅತ್ತೆ, ಕೌಂಟರಿನಲ್ಲಿ ನಿಂತು ಮಾತಾಡುತ್ತಿದ್ದಳು. ಈ ಮೂರರಲ್ಲಿ ಯಾವ ಕೆಲಸದಿಂದ ಅಂಗಡಿ ನಡೆಯುತ್ತಿದೆ ಎಂಬ ಬಗ್ಗೆ ಅತ್ತೆಗೆ ಯಾವತ್ತೂ ಸಂಶಯ ಬಂದದ್ದಿಲ್ಲ. ಮನೆಗೆ ಒಬ್ಬಳೇ ಮಗಳು. ಚಿಕ್ಕಂದಿನಲ್ಲಿ ಅಂಗಡಿಯ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದಳೆಂದು ಅತ್ತೆಯೇ ‘ಚುರುಕಿ’ ಎಂದು ಹೆಸರಿಟ್ಟಿದ್ದಳು. ಬೀದಿಯೆಲ್ಲ ಹಾಗೇ ಕರೆಯುತ್ತಿತ್ತು.

ಶಾಲೆಯ ಕೊನೆಯ ಪರೀಕ್ಷೆಯ ಫಲಿತಾಂಶ ಬಂದ ಮರುದಿನ ಬ್ಯಾಂಕ್ ಮ್ಯಾನೇಜರರ ಹೆಂಡತಿ ಪರದೆ ಆರಿಸಲು ಬಂದಳು. ಅವಳ ಮಗಳು ಚುರುಕಿಯ ತರಗತಿಯವಳೇ. ಬಟ್ಟೆಯ ಒಂದು ತುದಿ ಅತ್ತೆಯ ಕೈಯಲ್ಲಿ, ಇನ್ನೊಂದು ತುದಿ ಚುರುಕಿಯ ಕೈಯಲ್ಲಿತ್ತು.

“ನಿಮ್ಮ ಚುರುಕಿದು ಏನಾಯ್ತು? ನಮ್ಮವಳ ಫೋಟೋ ಪೇಪರಲ್ಲಿ ಬರತ್ತಂತೆ.”

“ಏನ್ ಹೇಳ್ಲಿ,” ಅಂದಳು ಅತ್ತೆ. “ಪರೀಕ್ಷೆ ಹೊತ್ತಿಗೇ ಸರಿಯಾಗಿ ಈ ಹುಡುಗಿಗೆ ಜ್ವರ.”

“ಅಯ್ಯೋ! ನಮ್ಮವಳು ಹೇಳ್ಲೇ ಇಲ್ವಲ್ಲ?”

“ಹೇಳ್ಕೊಳ್ಳೋ ಪೈಕಿ ಅಲ್ಲ ಇವಳು. ಹಲ್ಲು ಕಚ್ಚಿಕೊಂಡು ಬರೆದ್ಲು.”

ಚುರುಕಿ ಅಪ್ಪನ ಕಡೆ ನೋಡಿದಳು. ಅಪ್ಪನ ಕತ್ತರಿ ಬಟ್ಟೆಯ ಮಧ್ಯದಲ್ಲಿತ್ತು. ಅವನು ತಲೆ ಎತ್ತಲಿಲ್ಲ. ಅವಳು ಬಾಯಿ ಬಿಡಬೇಕಾಗಿದ್ದರೆ ಆಗಲೇ ಬಿಡಬೇಕಿತ್ತು. ಆದರೆ ಆ ಎರಡು ದಿನದಲ್ಲಿ ಮೊದಲ ಸಲ ಒಬ್ಬರು ಅವಳ ಮುಖವನ್ನು ಮರುಕದಿಂದ ನೋಡಿದ್ದರು, ಅದು ಹಿತವಾಗಿತ್ತು. ಅವಳು ಬಟ್ಟೆಯ ತುದಿ ಹಿಡಿದುಕೊಂಡೇ ನಿಂತಳು.

ಪರದೆಯ ಕೆಲಸದಲ್ಲಿ ಒಂದು ಲೆಕ್ಕವಿದೆ. ಕಿಟಕಿ ಎಷ್ಟು ಅಗಲವೋ ಅದರ ಎರಡರಷ್ಟು ಬಟ್ಟೆ ಬೇಕು. ಹೆಚ್ಚಿನದ್ದು ನೆರಿಗೆಗೆ. ನೆರಿಗೆ ಇಲ್ಲದೆ ಕಿಟಕಿಯಷ್ಟೇ ಬಟ್ಟೆ ಕಟ್ಟಿದರೆ ಅದು ಪರದೆಯಲ್ಲ, ಒಣಗಹಾಕಿದ ಬೆಡ್‌ಶೀಟು ಎಂದು ಅತ್ತೆ ಗಿರಾಕಿಗಳಿಗೆ ಹೇಳುತ್ತಿದ್ದಳು. ಮಾತಿನಲ್ಲೂ ಅವಳದು ಅದೇ ಅಳತೆ. ವಾರ ಕಳೆಯುವಷ್ಟರಲ್ಲಿ ಜ್ವರ ನೂರಾ ಒಂದು ಆಯಿತು. ಮುಂದಿನ ಗಿರಾಕಿಗೆ ನೂರಾ ಎರಡು. ಮದುವೆ ಮನೆಯ ಹದಿನೆಂಟು ಕಿಟಕಿಗಳ ದೊಡ್ಡ ಆರ್ಡರು ಬಂದ ದಿನ ಅದು ನೂರಾನಾಲ್ಕು ಮುಟ್ಟಿ ಅಲ್ಲಿಗೆ ನಿಂತಿತು. ಅದಕ್ಕಿಂತ ಮೇಲೆ ಹೋದರೆ ಬದುಕಿ ಉಳಿದದ್ದು ಹೇಗೆಂದು ಜನ ಕೇಳುತ್ತಾರೆಂಬುದು ಅತ್ತೆಗೆ ಗೊತ್ತಿತ್ತು.

ನಿಜವಾಗಿ ಆದದ್ದೇ ಬೇರೆ. ಮೊದಲ ದಿನದ ಗಣಿತದ ಪತ್ರಿಕೆಯಲ್ಲಿ ಮೊದಲ ಪ್ರಶ್ನೆ ಒಂದು ಗೋಳದ್ದು. ಅದರೊಳಗೆ ಹಿಡಿಸಬಹುದಾದ ಅತಿ ದೊಡ್ಡ ಸಿಲಿಂಡರಿನ ಗಾತ್ರ ಇಷ್ಟು ಎಂದು ಸಾಧಿಸಬೇಕಿತ್ತು. ಬರಬೇಕಾದ ಉತ್ತರ ಪ್ರಶ್ನೆಯಲ್ಲೇ ಇತ್ತು. ಚುರುಕಿಗೆ ಬಂದದ್ದು ಸರಿಯಾಗಿ ಅದರ ಅರ್ಧ. ಇನ್ನೊಮ್ಮೆ ಮಾಡಿದಳು, ಮತ್ತೆ ಅರ್ಧ. ಬಿಟ್ಟು ಮುಂದೆ ಹೋಗುವುದು ಅವಳಿಂದ ಆಗಲಿಲ್ಲ. ಲೆಕ್ಕ ತಪ್ಪದ ಹುಡುಗಿ ಅಂತ ಹೆಸರು ಹೊತ್ತವಳು ಮೊದಲ ಪ್ರಶ್ನೆಯನ್ನೇ ಬಿಟ್ಟು ಹೋಗುವುದು ಹೇಗೆ? ಎಚ್ಚರಿಕೆಯ ಗಂಟೆ ಹೊಡೆದಾಗ ಅವಳು ಇನ್ನೂ ಅಲ್ಲೇ ಇದ್ದಳು. ಆ ದಿಗಿಲು ಮರುದಿನದ ಪತ್ರಿಕೆಗೂ, ಅದರ ಮರುದಿನದ್ದಕ್ಕೂ ಜೊತೆಗೇ ಬಂತು. ಮೈ ಮಾತ್ರ ತಣ್ಣಗಿತ್ತು.

ಇಷ್ಟನ್ನು ಮನೆಯಲ್ಲಿ ಹೇಳಬಹುದಾಗಿತ್ತು. ಅಷ್ಟರಲ್ಲಿ ಜ್ವರ ಮನೆಯೊಳಗೂ ಬಂದುಬಿಟ್ಟಿತ್ತು. ಫ್ರಿಜ್ಜಿನ ನೀರು ಅವಳಿಗೆ ನಿಂತಿತು. ಬಿಸಿಲಲ್ಲೂ ಸ್ವೆಟರು ಬಂತು. ಅವಳ ಕೋಣೆಯ ಕಿಟಕಿಗೆ ಗಾಳಿ ನುಸುಳದಂತೆ, ಯಾರೋ ಆರ್ಡರು ಕೊಟ್ಟು ಒಯ್ಯದೆ ಹೋದ ಕಂದು ಬಣ್ಣದ ದಪ್ಪ ಪರದೆಯನ್ನು ಅಮ್ಮ ತಾನೇ ಅಳತೆಗೆ ತಕ್ಕಂತೆ ತಿರುಗಿ ಹೊಲಿದು ಕಟ್ಟಿದಳು. ಹಗಲಲ್ಲೂ ದೀಪ ಹಾಕಿಕೊಂಡು ಓದಬೇಕಾಯಿತು. ಒಂದು ದಿನ ಅಮ್ಮ ಹೊಲಿಯುತ್ತಾ ಹೇಳಿದಳು: “ಆಗ ನಿನ್ನ ಹಣೆ ಮೇಲೆ ಒದ್ದೆ ಬಟ್ಟೆ ಹಾಕಿ ಹಾಕಿ ನನ್ನ ಕೈ ಮರಗಟ್ಟಿ ಹೋಗಿತ್ತು ಕಣೇ.”

“ಅದು ನಾನು ಎರಡನೇ ಕ್ಲಾಸಲ್ಲಿದ್ದಾಗ ಅಮ್ಮಾ.”

“ಆಗಲೂ ಹಾಕಿದ್ದೆ,” ಅಂದಳು ಅಮ್ಮ.

ಅಮ್ಮ ಸುಳ್ಳು ಹೇಳುತ್ತಿರಲಿಲ್ಲ. ಹಳೆಯ ಜ್ವರವೊಂದನ್ನು ಬಿಚ್ಚಿ ಹೊಸ ಅಳತೆಗೆ ಹೊಲಿದಿದ್ದಳು, ಅಷ್ಟೆ. ತನಗೆ ಗೊತ್ತಿಲ್ಲದೆಯೇ.

ಎರಡು ವರ್ಷ ಚುರುಕಿ ಮನೆಮನೆಗೆ ಹೋಗಿ ಕಿಟಕಿ ಅಳೆದಳು. ಆ ಕೆಲಸ ಅವಳಿಗೆ ಒಂದನ್ನು ಕಲಿಸಿತು. ಒಂದು ಕಿಟಕಿಯ ಅಳತೆ ತಾಳೆಯಾಗದಿದ್ದರೆ ಗುರುತು ಹಾಕಿಕೊಂಡು ಮುಂದಿನ ಕಿಟಕಿಗೆ ಹೋಗಬೇಕು. ಅಲ್ಲೇ ನಿಂತರೆ ಸಂಜೆಯಾಗುತ್ತದೆ. ಉಳಿದ ಹೊತ್ತಿನಲ್ಲಿ, ಕಂದು ಪರದೆಯ ಹಿಂದೆ ಕೂತು, ಹಳೆಯ ಪಾಠಗಳನ್ನೆಲ್ಲ ಮೊದಲಿನಿಂದ ಓದಿದಳು. ದೇಶದ ಮೊದಲ ವಿಶ್ವವಿದ್ಯಾಲಯ ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತಿತ್ತು. ಅದು ಇರುವ ಊರಿಗೆ ರೈಲಿನಲ್ಲಿ ಒಂದು ಇಡೀ ಹಗಲು. ಅಷ್ಟು ದೂರ ಎಂಬುದು ಅವಳಿಗೆ ಅದರ ಹೆಸರಿಗಿಂತ ಹೆಚ್ಚು ಇಷ್ಟವಾಗಿತ್ತು. ಪರೀಕ್ಷೆ ಬರೆದಳು. ತಿಳಿಯದ ಪ್ರಶ್ನೆಗೆ ಗುರುತು ಹಾಕಿ ಮುಂದೆ ಹೋದಳು. ಪಾಸಾದಳು.

ಆದರೆ ಶಾಲೆಯ ಅಂಕ ಕಡಿಮೆ ಇದ್ದವರು ಇನ್ನೆರಡು ಕೊಡಬೇಕಿತ್ತು. ಹಿಂದಿನ ಅಂಕಗಳು ಯಾಕೆ ಹಾಗಾದವು ಎಂದು ಒಂದು ಪುಟದ ವಿವರಣೆ, ಮತ್ತು ಶಾಲೆಯ ಮುಖ್ಯಸ್ಥರು ನೇರವಾಗಿ ಕಳಿಸುವ ಒಂದು ಪತ್ರ.

“ಇದೇನು ದೊಡ್ಡ ವಿಷಯ?” ಅಂದಳು ಅತ್ತೆ, ಊಟದ ಮೇಜಿನ ಮುಂದೆ. “ಬರಿ. ಪರೀಕ್ಷೆಗೆ ಮುಂಚಿನ ದಿನ ಸಂಜೆ ಚಳಿ ಹತ್ತಿತು.”

“ನಂಗೆ ಜ್ವರ ಬಂದಿರಲಿಲ್ಲ ಅತ್ತೆ.”

“ಈಗ ಬಂದಿಲ್ಲ. ಆಗ ಬಂದಿತ್ತು.”

“ಆಗಲೂ ಬಂದಿರಲಿಲ್ಲ. ನೀನೇ ಹೇಳಿದ್ದು, ಬ್ಯಾಂಕಿನವರ ಹೆಂಡತಿ ಮುಂದೆ. ನಾನು ಅಲ್ಲೇ ಇದ್ದೆ.”

ಅತ್ತೆ ಚಮಚ ಕೆಳಗಿಟ್ಟಳು. ಅವಳ ಮುಖದಲ್ಲಿ ಸಿಕ್ಕಿಬಿದ್ದವರ ಕಳೆ ಇರಲಿಲ್ಲ, ನೋವಿತ್ತು. “ನೋಡೋ ತಮ್ಮ, ನಿನ್ನ ಮಗಳು ಏನಂತಾಳೆ! ಎರಡು ವರ್ಷದಿಂದ ಇವಳನ್ನ ಗಾಜಿನ ಪಾತ್ರೆ ಥರ ನೋಡ್ಕೊಂಡಿದೀವಿ. ಯಾಕೆ, ನಮಗೇನು ತಲೆ ಕೆಟ್ಟಿತ್ತಾ?”

ಅಪ್ಪ ಊಟ ಮುಂದುವರಿಸಿದ.

“ಬೇಕಿದ್ರೆ ಡಾಕ್ಟರನ್ನೇ ಕೇಳೋಣ,” ಅಂದಳು ಅತ್ತೆ.

ಪಕ್ಕದ ಬೀದಿಯ ಡಾಕ್ಟರು ವಯಸ್ಸಾದವರು, ಯಾರ ಮಾತನ್ನೂ ತೆಗೆದುಹಾಕದವರು. ಅವರ ಕ್ಲಿನಿಕ್ಕಿನ ಪರದೆಗಳೂ ಈ ಅಂಗಡಿಯವೇ. ಮರುದಿನ ಅತ್ತೆ ಅವರನ್ನು ಅಂಗಡಿಯ ಮುಂದೆಯೇ ತಡೆದು ನಿಲ್ಲಿಸಿದಳು.

“ಇವಳಿಗೆ ಆವಾಗ ಜ್ವರ ಬಂದಿತ್ತಲ್ಲ ಡಾಕ್ಟ್ರೇ, ನೆನಪಿದೆಯಾ?”

“ನೆನಪಿಲ್ದೆ ಏನು? ಪರೀಕ್ಷೆ ಹೊತ್ತಲ್ಲಿ. ಊರಿಗೆಲ್ಲ ಗೊತ್ತಲ್ಲ,” ಅಂದರು ಡಾಕ್ಟರು. ಆಮೇಲೆ ಚುರುಕಿಯ ಕಡೆ ತಿರುಗಿ, “ಆಗ ಮಾತ್ರೆ ಕಹಿ ಅಂತ ಎಷ್ಟು ಹಟ ಮಾಡಿದ್ದೆ, ಅಬ್ಬಾ!” ಎಂದು ನಕ್ಕರು.

ಅವಳು ಅವರ ಕ್ಲಿನಿಕ್ಕಿಗೆ ಹೋಗಿ ಆರೋ ಏಳೋ ವರ್ಷವಾಗಿತ್ತು.

ಅವಳಿಗೆ ನಿಜವಾದ ಹೆದರಿಕೆ ಹುಟ್ಟಿದ್ದು ಆಗ. ಮಧ್ಯಾಹ್ನವೇ ಶಾಲೆಗೆ ಓಡಿದಳು, ಮುಖ್ಯೋಪಾಧ್ಯಾಯಿನಿಯ ಪತ್ರದಲ್ಲಿ ಜ್ವರದ ಮಾತು ಬರದಿದ್ದರೆ ಸಾಕು ಎಂದುಕೊಂಡು. ಮುಖ್ಯೋಪಾಧ್ಯಾಯಿನಿ ಚಹಾ ಕುಡಿಯುತ್ತಿದ್ದರು. ಇವಳನ್ನು ಕಂಡದ್ದೇ ಎದ್ದು ಕಿಟಕಿ ಮುಚ್ಚಿದರು.

“ಗಾಳಿ ಆಗಲ್ಲ ಅಲ್ವಾ ನಿಂಗೆ? ಕೂತ್ಕೋ. ಪತ್ರ ನಿನ್ನೆಯೇ ಕಳಿಸಿಬಿಟ್ಟೆ.”

“ಮೇಡಂ, ಅದರಲ್ಲಿ...”

“ಎಲ್ಲ ಬರೆದಿದೀನಿ. ನಿಮ್ಮ ಅತ್ತೆ ಹೋದ ತಿಂಗಳೇ ಬಂದು ಪೂರ್ತಿ ಹೇಳಿದ್ರು. ಅವರು ಹೇಳೋದೇ ಬೇಡ, ನಾನೇ ಕಣ್ಣಾರೆ ನೋಡಿದೀನಲ್ಲ! ಮೊದಲನೇ ಪೇಪರಿನ ದಿನ ಪೆನ್ನು ಹಿಡ್ಕೊಂಡು ನಡುಗ್ತಾ ಕೂತಿದ್ದೆ. ಮುಖವೆಲ್ಲ ಬೆವರು.”

ನಡುಗಿದ್ದು ನಿಜ. ಬೆವತದ್ದೂ ನಿಜ. ಸಿಲಿಂಡರಿನ ವಿಷಯ ಇವರಿಗೆ ಹೇಗೆ ಹೇಳುವುದು? ಹೇಳಿದರೆ ಇವರು ಕಳಿಸಿದ್ದು ಸುಳ್ಳು ಪತ್ರವಾಗುತ್ತದೆ. ಬರೆದವರೋ, ಸುಳ್ಳನ್ನು ಕನಸಲ್ಲೂ ಬರೆಯದ ಹೆಂಗಸು. “ಥ್ಯಾಂಕ್ಸ್ ಮೇಡಂ,” ಎಂದು ಹೇಳಿ ಚುರುಕಿ ಹೊರಗೆ ಬಂದಳು.

ವಿವರಣೆಯ ಪುಟವಂತೂ ಅವಳದೇ. ಅದರಲ್ಲಿ ಯಾರ ಕೈಯೂ ಬೇಡ ಎಂದು ತೀರ್ಮಾನಿಸಿದಳು. ಗೋಳ, ಸಿಲಿಂಡರು, ಪ್ರತಿ ಸಲವೂ ಬಂದ ಅರ್ಧ ಉತ್ತರ, ಬಿಟ್ಟುಹೋಗಲಾಗದ ಹಟ, ಎಲ್ಲ ಬರೆದಳು. ಕೊನೆಗೆ ‘ನನ್ನ ಆರೋಗ್ಯ ಚೆನ್ನಾಗಿತ್ತು’ ಎಂಬ ಒಂದು ಸಾಲು. ಅದನ್ನು ಯಾರಿಗೂ ತೋರಿಸದೆ ಕಳಿಸಿದಳು.

ಸಂದರ್ಶನಕ್ಕೆ ಕರೆ ಬಂತು. ಜೊತೆಗೆ ಅತ್ತೆಯೂ ಬಂದಳು. ಜ್ವರದ ಹುಡುಗಿಯನ್ನು ಒಬ್ಬಳೇ ಕಳಿಸುವುದುಂಟೆ? ಇಡೀ ದಾರಿ ರೈಲಿನ ಕಿಟಕಿ ಮುಚ್ಚಿತ್ತು. ವಿಶ್ವವಿದ್ಯಾಲಯದ ದೊಡ್ಡ ಕಟ್ಟಡದ ಮುಂದೆ ಅತ್ತೆ ಮೊದಲ ಸಲ ಸುಮ್ಮನಾದಳು. ತಲೆ ಎತ್ತಿ ಎಲ್ಲ ಮಹಡಿಗಳನ್ನೂ ನೋಡಿದಳು. “ಎಷ್ಟೊಂದು ಕಿಟಕಿ!” ಅಂದಳು, ತುಂಬಾ ಮೆಲ್ಲಗೆ.

ಒಳಗೆ ಮೇಜಿನ ಆಚೆ ಮೂವರು. ನಡುವೆ ಕನ್ನಡಕ ಹಾಕಿದ ಹಿರಿಯ ಪ್ರಾಧ್ಯಾಪಕಿ, ಅವರ ಬಲಕ್ಕೊಬ್ಬ ತರುಣ ಪ್ರಾಧ್ಯಾಪಕ, ಎಡಕ್ಕೆ ಕಚೇರಿಯ ಅಧಿಕಾರಿ. ಹಿಂದಿನ ಕಿಟಕಿಯ ಪರದೆ ನಾಲ್ಕು ಬೆರಳು ಗಿಡ್ಡವಾಗಿತ್ತು, ನೆರಿಗೆಯೂ ಕಮ್ಮಿ. ಯಾರೋ ಬಟ್ಟೆ ಉಳಿಸಿದ್ದಾರೆ ಅಂದುಕೊಂಡಳು ಚುರುಕಿ. ಆ ಯೋಚನೆಯಿಂದ ಸ್ವಲ್ಪ ಧೈರ್ಯ ಬಂತು.

“ಶಾಲೆಯವರು ಬರೀತಾರೆ, ತೀವ್ರ ಜ್ವರ,” ಅಂದರು ಅಧಿಕಾರಿ. “ನೀವು ಬರೀತೀರಿ, ಆರೋಗ್ಯ ಚೆನ್ನಾಗಿತ್ತು. ಯಾವುದು ಸರಿ?”

“ನಾನು ಬರೆದದ್ದು ಸರಿ.”

“ಹಾಗಾದ್ರೆ ಶಾಲೆಯವರು ಸುಳ್ಳು ಹೇಳ್ತಿದಾರಾ?”

“ಇಲ್ಲ ಸರ್. ಅವರು ನಂಬಿದಾರೆ.”

“ಯಾರು ನಂಬಿಸಿದ್ರು?”

ಬಾಗಿಲಾಚೆಯ ಬೆಂಚಿನ ಮೇಲೆ ಅತ್ತೆ ಕೂತಿದ್ದಳು. ತೊಡೆಯ ಮೇಲೆ ಬಿಸಿನೀರಿನ ಫ್ಲಾಸ್ಕು. ಸೋದರಸೊಸೆಯ ಗಂಟಲು ಆರಬಾರದಲ್ಲ.

“ಅದು ನಂಗೆ ಹೇಳೋಕಾಗಲ್ಲ,” ಅಂದಳು ಚುರುಕಿ. “ನಂಗೆ ಜ್ವರ ಬಂದಿರಲಿಲ್ಲ ಅನ್ನೋದು ಮಾತ್ರ ಹೇಳ್ತೀನಿ.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಹಿರಿಯ ಪ್ರಾಧ್ಯಾಪಕಿ ಕನ್ನಡಕ ತೆಗೆದರು. “ಆ ಸಿಲಿಂಡರು ಆಮೇಲೆ ಸಿಕ್ತಾ?”

“ಸಿಕ್ತು ಮೇಡಂ. ಸಿಲಿಂಡರಿನ ಎತ್ತರದಲ್ಲಿ ಅರ್ಧ ತಗೋಬೇಕಿತ್ತು, ನಾನು ಪೂರ್ತಿ ತಗೊಂಡಿದ್ದೆ. ಗೋಳದ ಮೇಲರ್ಧಕ್ಕೆ ಮಾತ್ರ ಲೆಕ್ಕ ಹಾಕಿದ ಹಾಗಾಗಿತ್ತು.”

“ಯಾವಾಗ ಹೊಳೀತು?”

“ಒಂದು ಮನೆ ಕಿಟಕಿ ಅಳೆದು ಅಂಗಡಿಗೆ ಬಂದಾಗ. ಪರದೆ ಯಾವಾಗ್ಲೂ ಜೋಡಿ, ಎರಡು ಕಡೆಯಿಂದ ಎಳೀತೀವಲ್ಲ. ನಾನು ಒಂದು ಕಡೆಯದಷ್ಟೇ ಬರ್ಕೊಂಡಿದ್ದೆ. ಅಪ್ಪ ‘ಇನ್ನೊಂದು ಕಡೆ ಯಾರು ಹಾಕ್ತಾರೆ?’ ಅಂತ ಕೇಳಿದ್ರು.”

ತರುಣ ಪ್ರಾಧ್ಯಾಪಕ ಜೋರಾಗಿ ನಕ್ಕ. ಹಿರಿಯರೂ ನಕ್ಕರು. ಆ ನಗುವಿನಲ್ಲಿ ಚುರುಕಿಗೆ ಎರಡು ವರ್ಷಗಳಲ್ಲಿ ಮೊದಲ ಸಲ ಕಿಟಕಿಯೊಂದು ತೆರೆದುಕೊಂಡಂತೆ ಆಯಿತು. ಹೊರಗೆ ಬಂದವಳು ಅತ್ತೆ ಕೊಟ್ಟ ಬಿಸಿನೀರನ್ನು ಜಗಳವಾಡದೆ ಕುಡಿದಳು.

ಫಲಿತಾಂಶ ಬಂದದ್ದು ಅಂಗಡಿಯಲ್ಲಿ, ಅಪ್ಪನ ಫೋನಿಗೆ. ಕನ್ನಡಕ ಸಿಗದೆ ಅಪ್ಪ ಫೋನನ್ನು ಮಗಳಿಗೆ ಕೊಟ್ಟ. ಅವಳು ಗಟ್ಟಿಯಾಗಿ ಓದಿದಳು. ಸೀಟು ಸಿಕ್ಕಿತ್ತು. ಅತ್ತೆ ಕೌಂಟರಿಗೆ ಬಡಿದ ರಭಸಕ್ಕೆ ಗುಂಡಿಗಳ ಡಬ್ಬಿ ಉರುಳಿತು. ಅಮ್ಮ ಮಿಷಿನ್ನು ನಿಲ್ಲಿಸಿದಳು.

“ಮುಂದೆ ಓದು, ಮುಂದೆ ಓದು.”

ಓದುತ್ತಾ ಓದುತ್ತಾ ಅವಳ ದನಿ ಇಳಿಯಿತು. ‘ಗಂಭೀರ ಅನಾರೋಗ್ಯವನ್ನು ನೆಪವಾಗಿ ಮುಂದೊಡ್ಡಲು ನಿರಾಕರಿಸಿದ ಅಭ್ಯರ್ಥಿಯ ಸ್ವಾಭಿಮಾನವನ್ನು ಸಮಿತಿ ವಿಶೇಷವಾಗಿ ಮೆಚ್ಚಿದೆ. ಅವರ ಆರೋಗ್ಯವನ್ನು ಗಮನದಲ್ಲಿಟ್ಟು ವಿದ್ಯಾರ್ಥಿನಿಲಯದ ಕೆಳಮಹಡಿಯಲ್ಲಿ, ಚಿಕಿತ್ಸಾಲಯದ ಪಕ್ಕದ ಕೋಣೆ ನೀಡಲಾಗಿದೆ. ಮೊದಲ ವರ್ಷ ಮನೆಯ ಒಬ್ಬರು ಜೊತೆಗಿರಬಹುದು.’

“ನೋಡಿದ್ಯಾ!” ಅಂದಳು ಅತ್ತೆ. “ಬೇಡ ಬೇಡ ಅಂದೆ. ಕೊನೆಗೆ ಕೈ ಹಿಡಿದದ್ದು ಯಾವುದು? ಜ್ವರಾನೇ!”

“ಅಲ್ಲ ಅತ್ತೆ! ನಾನು ಅವರಿಗೆ ಜ್ವರ ಇರಲಿಲ್ಲ ಅಂತಲೇ ಹೇಳಿದ್ದು!”

“ಗೊತ್ತಾಯ್ತಲ್ಲ, ಬರೆದಿದಾರಲ್ಲ, ಸ್ವಾಭಿಮಾನ ಅಂತ. ನಾನು ಅವತ್ತೇ ಹೇಳ್ಲಿಲ್ವಾ, ಹೇಳ್ಕೊಳ್ಳೋ ಪೈಕಿ ಅಲ್ಲ ಇವಳು ಅಂತ?” ಅತ್ತೆ ಆಗಲೇ ಮೆಟ್ಟಿಲ ಕಡೆ ಹೊರಟಿದ್ದಳು. “ಒಬ್ಬರು ಜೊತೆಗಿರಬಹುದಂತೆ. ಲೋ ತಮ್ಮ, ಅಟ್ಟದ ಮೇಲಿನ ನನ್ನ ಸೂಟ್‌ಕೇಸು ಇಳಿಸಿಕೊಡು. ಕೌಂಟರು ಒಂದು ವರ್ಷ ನೀನೇ ನೋಡ್ಕೊ, ಏನೂ ಮುಳುಗಿ ಹೋಗಲ್ಲ.”

“ನಂಗೆ ಯಾವ ಜ್ವರಾನೂ ಬಂದಿರಲಿಲ್ಲ!” ಚುರುಕಿ ಕೂಗಿಯೇಬಿಟ್ಟಳು. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬರು ತಿರುಗಿ ನೋಡಿದರು. ಅಮ್ಮ ಎದ್ದು ಬಂದು ಅಂಗೈಯನ್ನು ಅವಳ ಹಣೆಯ ಮೇಲೆ ಇಟ್ಟಳು.

“ಸ್ವಲ್ಪ ಬಿಸಿ ಇದೆ,” ಅಂದಳು ಅತ್ತೆಗೆ. “ಸಂತೋಷ ಜಾಸ್ತಿಯಾದ್ರೂ ಇವಳಿಗೆ ತಡೆಯೋಕಾಗಲ್ಲ.”

ಇಬ್ಬರೂ ಮೇಲೆ ಹೋದ ಮೇಲೆ ಅಂಗಡಿಯಲ್ಲಿ ಉಳಿದದ್ದು ಅಪ್ಪ, ಮಗಳು. ಅಪ್ಪ ಬಗ್ಗಿ ಗುಂಡಿಗಳನ್ನು ಹೆಕ್ಕುತ್ತಿದ್ದ.

“ಅಪ್ಪಾ, ನೀನೂ ನಂಬ್ತೀಯಾ?”

“ಇಲ್ಲ.”

“ಇಲ್ಲ ಅಂದ್ರೆ?”

“ನಿಂಗೆ ಜ್ವರ ಇರಲಿಲ್ಲ. ಅವತ್ತು ಬೆಳಿಗ್ಗೆ ಪರೀಕ್ಷೆಗೆ ಬಿಟ್ಟು ಬಂದದ್ದು ನಾನೇ ತಾನೆ? ನೀನು ಸೈಕಲ್ ಹಿಂದೆ ಕೂತು ಹಾಡ್ತಾ ಇದ್ದೆ.”

“ಮತ್ತೆ ಅತ್ತೆ ಹಾಗೆ ಹೇಳಿದಾಗ ಯಾಕೆ ಸುಮ್ನಿದ್ದೆ?”

ಅಪ್ಪ ಗುಂಡಿಗಳನ್ನು ಡಬ್ಬಿಗೆ ಸುರಿದು ಮುಚ್ಚಳ ಹಾಕಿದ. “ಅಕ್ಕ ನಿನ್ನ ಮಾನ ಉಳಿಸ್ತಾ ಇದ್ಲು. ನಂಗೆ ಅದೂ ಗೊತ್ತಾಗ್ಲಿಲ್ಲ, ಹೇಗೆ ಉಳಿಸೋದು ಅಂತ. ಈಗ ಬಟ್ಟೆ ಕತ್ತರಿಸಿ ಆಗಿದೆ ಮಗಳೇ. ಮತ್ತೆ ಥಾನಿಗೆ ಸೇರಿಸೋಕಾಗಲ್ಲ.”

ಮೇಲಿನಿಂದ ಸೂಟ್‌ಕೇಸು ಎಳೆಯುವ ಸದ್ದು ಕೇಳಿತು.

ಚುರುಕಿ ಬೀದಿಗಿಳಿದು ವಿದ್ಯಾರ್ಥಿನಿಲಯದ ಕಚೇರಿಗೆ ಫೋನು ಮಾಡಿದಳು. ಒಬ್ಬ ಹೆಂಗಸು ತಾಳ್ಮೆಯಿಂದ ಕೇಳಿಸಿಕೊಂಡಳು.

“ಮಾಮೂಲಿ ಕೋಣೆ ಬೇಕು ಅಂದ್ರೆ ಪೂರ್ತಿ ವಾಸಿಯಾಗಿದೆ ಅಂತ ಡಾಕ್ಟರ ಸರ್ಟಿಫಿಕೇಟ್ ಬೇಕಮ್ಮ. ಅದು ಬಂದ್ರೆ ಮೂರನೇ ಮಹಡಿ, ಇಬ್ಬರು ಹುಡುಗೀರ ಜೊತೆ. ಮನೆಯವರು ಇರೋ ಹಾಗಿಲ್ಲ.”

“ಏನು ವಾಸಿಯಾಗಿದೆ ಅಂತ?”

“ನಿಮಗೆ ಬಂದಿದ್ದ ಕಾಯಿಲೆ.”

“ಅದು ಬಂದೇ ಇರಲಿಲ್ಲ.”

“ಹಾಗಾದ್ರೆ ಬಂದೇ ಇರಲಿಲ್ಲ ಅಂತ ಸರ್ಟಿಫಿಕೇಟ್ ತನ್ನಿ.”

“ಹಾಗೆ ಕೊಡ್ತಾರಾ?”

“ನಾನು ಇಲ್ಲಿಗೆ ಬಂದ ಮೇಲೆ ಯಾರೂ ತಂದಿಲ್ಲ. ನಾಳೆ ಸಂಜೆಯೊಳಗೆ ಕೋಣೆ ಪಟ್ಟಿ ಮುಗಿಸ್ತೀವಿ, ನೋಡಿ.”

ಮರುದಿನ ಬೆಳಿಗ್ಗೆ ಅವಳು ಡಾಕ್ಟರ ಎದುರು ಕೂತಿದ್ದಳು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡಿದ್ದಳು. ‘ನೀವು ನನಗೆ ಯಾವತ್ತೂ ಆ ಮಾತ್ರೆ ಕೊಟ್ಟಿಲ್ಲ’ ಎಂಬಲ್ಲಿಂದ ಶುರುಮಾಡಬೇಕು. ಆದರೆ ಡಾಕ್ಟರು ಎಷ್ಟು ಸಂತೋಷಪಟ್ಟರೆಂದರೆ, ಎದ್ದು ಬಂದು ಅವಳ ತಲೆ ನೇವರಿಸಿದರು. “ನನ್ನ ಪೇಷಂಟು, ಅಂಥ ಕಡೆ! ಅವತ್ತು ನೀನು ಮಲಗಿದ್ದ ಸ್ಥಿತಿ ನೋಡಿ ಹೀಗಾಗತ್ತೆ ಅಂತ ಯಾರು ಅಂದ್ಕೊಂಡಿದ್ರು?” ಥರ್ಮಾಮೀಟರು ಇಟ್ಟರು, ನಾಡಿ ಹಿಡಿದರು, ಎದೆಗೂ ಬೆನ್ನಿಗೂ ಸ್ಟೆತಾಸ್ಕೋಪು ಇಟ್ಟು ಕೇಳಿದರು. ಎಲ್ಲ ಸರಿಯಾಗಿತ್ತು. ಕುರ್ಚಿಗೆ ಮರಳಿ ಹಾಳೆ ಎಳೆದುಕೊಂಡು ಅವಳ ಹೆಸರು ಬರೆದರು.

“ತೀವ್ರ ಜ್ವರದಿಂದ ಸಂಪೂರ್ಣ ಗುಣಮುಖಳಾಗಿದ್ದಾಳೆ. ಸಾಕಲ್ವಾ? ಆಗ ಎಷ್ಟಿತ್ತು, ಅದನ್ನೂ ಹಾಕಿಬಿಡ್ತೀನಿ. ಇಲ್ಲಾಂದ್ರೆ ತಿರುಗಿ ಕೇಳ್ತಾರೆ.”

ಅವರ ಹಿಂದಿನ ಕಿಟಕಿಯಲ್ಲಿ ಅಪ್ಪ ಕತ್ತರಿಸಿ, ಅಮ್ಮ ಹೊಲಿದು, ಅತ್ತೆ ಮಾತಾಡಿ ಒಪ್ಪಿಸಿದ ಪರದೆ ತೂಗುತ್ತಿತ್ತು. ಒಂದಕ್ಕೆ ಎರಡರಷ್ಟು ಬಟ್ಟೆ, ಒಂದೇ ಸಮದ ನೆರಿಗೆ. ಅದರ ಹಿಂದೆ ಕಿಟಕಿ ತೆರೆದಿದೆಯೋ ಮುಚ್ಚಿದೆಯೋ ಇಲ್ಲಿಂದ ಹೇಳುವಂತಿರಲಿಲ್ಲ.

ಡಾಕ್ಟರ ಪೆನ್ನು ಕಾಯುತ್ತಿತ್ತು. ಮೂರನೇ ಮಹಡಿ, ಇಬ್ಬರು ಹುಡುಗಿಯರು. ಸಂಜೆಯೊಳಗೆ.

“ನೂರಾನಾಲ್ಕು,” ಅಂದಳು ಚುರುಕಿ.

ಡಾಕ್ಟರು ಬರೆದುಕೊಂಡರು. “ನಂಗೂ ಹಾಗೇ ನೆನಪು,” ಅಂದರು.